ಬಾಣಂತನಕ್ಕೆ ಹೋದವಳು ಗಂಡನನ್ನು ಬಿಟ್ಟವಳೇ?

ನನ್ನ ಕಡತದ ಕೊನೆಯ ಪುಟಕ್ಕೆ ಸಹಿ ಹಾಕಿದ ಮಾನ್ಯ ವಲಸೆ ಅಧಿಕಾರಿಗಳೇ,

ನಾಲ್ಕೂವರೆ ವರ್ಷ ಸಂಸಾರ ಮಾಡಿ, ಗಂಡನನ್ನು ಮಣ್ಣು ಮಾಡಿ ಬಂದ ನನಗೆ, ಆ ಮದುವೆ ನಿಜವೆಂದು ನಂಬಲು ಆಧಾರವಿಲ್ಲ, ಹಾಗಾಗಿ ಇಲ್ಲಿ ಕಾಯಂ ವಾಸಕ್ಕೆ ಹಾಕಿದ ಅರ್ಜಿ ತಿರಸ್ಕೃತ ಎಂದು ನೀವು ಎರಡು ಪುಟಗಳ ಪತ್ರ ಕಳಿಸಿದ್ದೀರಿ. ಬರುವ ನವೆಂಬರ್ ಹದಿನೆಂಟರಂದು ನ್ಯಾಯಾಧೀಶರ ಮುಂದೆ ನಿಂತು, ನನ್ನನ್ನು ಈ ದೇಶದಿಂದ ಯಾಕೆ ಹೊರಗೆ ಕಳಿಸಬಾರದು ಎಂದು ನಾನೇ ಹೇಳಬೇಕಂತೆ. ನನಗೆ ಹೆದರಿಕೆಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆಲ್ಲಾದರೂ ನನ್ನ ದನಿ ಜೋರಾದರೆ ಅದು ಧೈರ್ಯವೆಂದು ತಾವು ತಪ್ಪು ತಿಳಿಯಬಾರದು. ಇಂಗ್ಲಿಷಿನಲ್ಲಿ ಏನನ್ನೂ ಬರೆಯಬೇಡಿ ಎಂದು ವಕೀಲರು ಹೇಳಿದ್ದಾರೆ. ಹಾಗಾಗಿ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ನಿಮಗೆ ಓದಲು ಬಾರದ ಭಾಷೆಯಲ್ಲಿ, ನಿಮಗೊಂದು ಬಹಿರಂಗ ಪತ್ರ ಬರೆಯುವಷ್ಟು ಶೌರ್ಯ ಮಾತ್ರ ನನ್ನಲ್ಲಿ ಉಳಿದಿದೆ.

ನಿಮ್ಮ ಪತ್ರದ ಪ್ರಕಾರ ನನ್ನ ತಪ್ಪು ಇಷ್ಟೆ. ೨೦೨೦ರ ಡಿಸೆಂಬರಿನಿಂದ ಮರುವರ್ಷದ ನವೆಂಬರಿನವರೆಗೆ, ಹನ್ನೊಂದು ತಿಂಗಳು, ನಾನು ಫೋರ್ಟ್ ಮಿಲ್ಲಿನ ಗಂಡನ ಮನೆಯಲ್ಲಿ ಇರಲಿಲ್ಲ, ಬಾಗಲಕೋಟೆಯ ತವರುಮನೆಯಲ್ಲಿದ್ದೆ. ಇದ್ದೆ ಸ್ವಾಮಿ, ಇಲ್ಲವೆಂದವರು ಯಾರು? ಚೊಚ್ಚಲ ಬಸುರಿಯನ್ನು ಏಳನೇ ತಿಂಗಳಲ್ಲಿ ತವರಿನವರು ಕರೆದೊಯ್ಯುತ್ತಾರೆ, ಹೆರಿಗೆ, ಬಾಣಂತನ ಎರಡೂ ಮುಗಿದ ಮೇಲೆ ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುತ್ತಾರೆ. ನನ್ನ ಅವ್ವ ಹಾಗೇ ಹೋದಳು, ಅವಳ ಅವ್ವನೂ ಹಾಗೇ ಹೋದಳು. ನಿಮ್ಮ ಲೆಕ್ಕದಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಧದಷ್ಟು ಹೆಂಗಸರು ಗಂಡನನ್ನು ಬಿಟ್ಟವರೇ. ಅವ್ವನನ್ನೇ ಇಲ್ಲಿಗೆ ಕರೆಸಬಹುದಿತ್ತಲ್ಲ ಎಂದಿರಿ. ಕರೆಸುತ್ತಿದ್ದೆ. ಆ ವರ್ಷ ವೀಸಾ ಕೊಡುವ ಕಚೇರಿಗಳೇ ಬಾಗಿಲು ಹಾಕಿಕೊಂಡಿದ್ದನ್ನು ನಿಮಗೆ ನಾನು ನೆನಪಿಸಬೇಕೇ?

ಸಂದರ್ಶನದ ದಿನ ನೀವು ಕೇಳಿದ್ದು ನನಗೆ ಒಂದಕ್ಷರ ಮರೆತಿಲ್ಲ.

"ಬಿಟ್ಟು ಹೋಗುವ ತೀರ್ಮಾನ ಯಾರದು?"

"ನಮ್ಮ ಅವ್ವ, ಅತ್ತೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡರು."

"ನಿಮ್ಮ ಗಂಡ ಏನೆಂದರು?"

"ಅವರನ್ನು ಯಾರೂ ಕೇಳಲಿಲ್ಲ."

ಸತ್ಯವನ್ನೇ ಹೇಳಿದೆ. ನಮ್ಮಲ್ಲಿ ಇಂಥ ವಿಷಯದಲ್ಲಿ ಗಂಡಸರನ್ನು ಕೇಳುವ ರೂಢಿಯಿಲ್ಲ. ಕೇಳಿದರೆ ಅವರಿಗೇ ಮುಜುಗರ. ನೀವು ಅದನ್ನು ಟೈಪು ಮಾಡಿಕೊಂಡಿರಿ.

ಇನ್ನೊಂದು ತಪ್ಪು ನಾನು ಕೈಯಾರೆ ಮಾಡಿದ್ದು. ದಾಂಪತ್ಯಕ್ಕೆ ಸಾಕ್ಷಿಯಾಗಿ ಫೋಟೋ ತನ್ನಿ ಎಂದಿದ್ದಿರಿ. ಹುಡುಕಿ ಹುಡುಕಿ, ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎಂದುಕೊಂಡು, ಕುಬಸದ, ಅಂದರೆ ಸೀಮಂತದ, ಮರುದಿನ ಏರ್‌ಪೋರ್ಟಿನಲ್ಲಿ ತೆಗೆದ ಫೋಟೋವನ್ನೇ ಕಡತದ ಮೇಲಿಟ್ಟೆ. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ತುಂಬಿದ ಉಡಿ. ನಾನು ಗೊಳೋ ಎಂದು ಅಳುತ್ತಿದ್ದೇನೆ. ನಮ್ಮವರು ನನ್ನ ಕಡೆ ನೋಡದೆ ಎರಡು ಸೂಟ್‌ಕೇಸುಗಳ ಟ್ರಾಲಿ ತಳ್ಳುತ್ತಿದ್ದಾರೆ. ನಮ್ಮೂರಿನ ಯಾವ ಅಜ್ಜಿಗೆ ಅದನ್ನು ತೋರಿಸಿದರೂ "ಗಂಡ ಹೆಂಡ್ತಿ ಎಷ್ಟ್ ಚಂದ ಅದಾರ" ಎಂದು ದೃಷ್ಟಿ ತೆಗೆದಾಳು. ನಿಮಗೆ ಅದರಲ್ಲಿ ಒಡೆದ ಮನೆ ಕಂಡಿತು. 'ಅರ್ಜಿದಾರಳು ದುಃಖಿತಳಾಗಿ ಸಾಮಾನುಸಮೇತ ನಿರ್ಗಮಿಸುತ್ತಿರುವುದು' ಎಂದು ಪತ್ರದಲ್ಲಿ ಬರೆದಿದ್ದೀರಿ. ತವರಿಗೆ ಹೊರಟವಳು ಅಳದೆ ಹೋದರೆ ಊರಲ್ಲಿ ಫೋಟೋ ನೋಡುವ ಅತ್ತೆ ಏನೆಂದುಕೊಂಡಾರು ಎಂಬುದನ್ನು ನಾನು ಆ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಹೇಗೆ ವಿವರಿಸಲಿ?

ನಮ್ಮವರ ಹೆಸರು ಗುರುಶಾಂತಪ್ಪ. ನಿಮ್ಮ ಪತ್ರದಲ್ಲಿ ಅವರು 'ಮೃತ ಪ್ರಾಯೋಜಕ'. ಓದಲೆಂದು ಈ ದೇಶಕ್ಕೆ ಬಂದವರು ಸೇನೆ ಸೇರಿದರು, ಸಮವಸ್ತ್ರದಲ್ಲೇ ಪ್ರಮಾಣವಚನ ಹೇಳಿ ನಿಮ್ಮ ಪ್ರಜೆಯಾದರು. ಎಂಟು ವರ್ಷ ಜನರೇಟರ್ ರಿಪೇರಿ ಮಾಡಿದರು, ಅದರಲ್ಲಿ ಎರಡು ವರ್ಷ ಮರಳುಗಾಡಿನ ಶಿಬಿರಗಳಲ್ಲಿ. ಜೊತೆಯ ಸೈನಿಕರಿಗೆ ಶೇಂಗಾ ಚಟ್ನಿ ರುಚಿ ಹತ್ತಿಸಿದ್ದೇ ತಮ್ಮ ದೊಡ್ಡ ಸಾಧನೆ ಎನ್ನುತ್ತಿದ್ದರು. ಸೇನೆ ಬಿಟ್ಟ ಮೇಲೆ ಆಸ್ಪತ್ರೆಗಳ ಜನರೇಟರ್ ನೋಡಿಕೊಳ್ಳುವ ಕೆಲಸ ಹಿಡಿದರು. ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತವರಲ್ಲ. ಜುಲೈ ನಾಲ್ಕರ ನಿಮ್ಮ ಸ್ವಾತಂತ್ರ್ಯ ದಿನದ ಪಟಾಕಿ ಶುರುವಾದರೆ ಬಾತ್‌ರೂಮಿನ ಫ್ಯಾನ್ ಹಾಕಿ ಒಳಗೆ ಕೂತುಬಿಡುತ್ತಿದ್ದರು, ಮಗಳು ಹುಟ್ಟಿದ ಮೇಲೆ ಅವಳನ್ನೂ ತೊಡೆಯ ಮೇಲೆ ಕೂರಿಸಿಕೊಂಡು. "ಹೆದರಿಕಿ ಆದ್ರ ಆಗ್ಲಿ ನೀಲಾ, ಹೆದರಿ ಸುಳ್ಳ ಮಾತ್ರ ಹೇಳಬ್ಯಾಡ" ಎನ್ನುತ್ತಿದ್ದರು. ನಿಮ್ಮ ಮುಂದೆ ನಾನು ಆ ಮಾತು ಪಾಲಿಸಿ ಕೆಟ್ಟೆ.

ಆ ಹನ್ನೊಂದು ತಿಂಗಳು ಅವರು ಎಲ್ಲಿದ್ದರು ಗೊತ್ತೇ? ಜನ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಆಸ್ಪತ್ರೆಯ ಕರೆಂಟು ಹೋಗದಂತೆ ಕಾಯುತ್ತಿದ್ದರು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಹೇಗೋ ರಜೆ ಪಡೆದು ಟಿಕೆಟ್ ತೆಗೆದರೆ, ಅದೇ ವಾರ ಊರಲ್ಲಿ ಕೊರೊನಾದ ಎರಡನೇ ಅಲೆ ಎದ್ದಿತು. "ಫ್ಲೈಟ್ ಕ್ಯಾನ್ಸಲ್ ಆಗೇದ. ನೀವು ಮುಗಿಸಿಬಿಡ್ರಿ, ನಾ ವಿಡಿಯೋದಾಗ ನೋಡ್ತೀನಿ" ಎಂದರು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ವ್ಯಾನಿನೊಳಗೆ ಕೂತು, ಹೆಂಗಸರ ಜೋಗುಳ ಮುಗಿಯುವವರೆಗೂ ಟೋಪಿ ತೆಗೆದಿಟ್ಟು ನೋಡಿದರು. ಯಾಮಿನಿ ಎಂಬ ಹೆಸರನ್ನು ಅವಳ ಕಿವಿಯಲ್ಲಿ ಮೊದಲು ಹೇಳಿದ್ದು ಫೋನಿನೊಳಗಿನ ಅಪ್ಪ. ಆಮೇಲೆ ಅವಳ ಪಾಸ್‌ಪೋರ್ಟಿನ ಕಾಗದ ಬರಲು ಆರು ತಿಂಗಳು ಕಾದೆವು. ಹಾಲುಣ್ಣುವ ಕೂಸನ್ನು ಅಲ್ಲೇ ಬಿಟ್ಟು ಓಡಿಬಂದಿದ್ದರೆ ನಿಮಗೆ ನಂಬಿಕೆ ಬರುತ್ತಿತ್ತೇ?

೨೦೨೩ರ ಜನವರಿಯಲ್ಲಿ ಅವರ ಶ್ವಾಸಕೋಶದ ಕಾಯಿಲೆ ಗೊತ್ತಾಯಿತು. ಶಿಬಿರಗಳ ಪಕ್ಕ ಹಗಲಿಡೀ ಕಸ ಸುಡುತ್ತಿದ್ದ ಹೊಗೆಯೇ ಕಾರಣವೆಂದು ವೈದ್ಯರು ಹೇಳಿದರು. ಅಕ್ಟೋಬರಿನವರೆಗೆ ನಾನು ಅವರಿಗೆ ಮೈ ಒರೆಸಿದೆ, ಗಂಜಿ ಕುಡಿಸಿದೆ, ಕೆಮ್ಮು ಬಂದಾಗ ಬೆನ್ನು ಹಿಡಿದು ಕೂತೆ. ಉಸಿರು ಸಿಕ್ಕ ದಿನ ಅವರು ಯಾಮಿನಿಯ ಪುಟ್ಟ ಬೂಟುಗಳಿಗೆ ಪಾಲಿಶ್ ಹಾಕಿ ಸಾಲಾಗಿ ಇಡುತ್ತಿದ್ದರು. ಈ ತಿಂಗಳುಗಳು ನಿಮ್ಮ ಎರಡು ಪುಟಗಳಲ್ಲಿ ಎಲ್ಲೂ ಇಲ್ಲ. ನಾನು ಇಲ್ಲದ ತಿಂಗಳುಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದವರು ಇದ್ದ ತಿಂಗಳುಗಳನ್ನು ಹೇಗೆ ಮರೆತಿರಿ?

ಈಗ ಅಂಚೆಪೆಟ್ಟಿಗೆಯನ್ನು ಕತ್ತಲಾದ ಮೇಲೆ ಮಾತ್ರ ತೆರೆಯುತ್ತೇನೆ. ಬೀದಿಯಲ್ಲಿ ಗುರುತಿಲ್ಲದ ಕಾರು ನಿಂತರೆ ಸ್ಟೋವ್ ಆರಿಸಿ ಸುಮ್ಮನೆ ಕೂರುತ್ತೇನೆ. ಯಾಮಿನಿ ಅಪ್ಪನ ಕಡೆಯಿಂದ ನಿಮ್ಮ ದೇಶದ ಪ್ರಜೆ, ಅವಳನ್ನು ಯಾರೂ ಕಳಿಸಲಾರರು. ನನಗೆ ಧೈರ್ಯ ಹೇಳಲು ಎಲ್ಲರೂ ಹೇಳುವ ಮಾತು ಇದು, ನನ್ನ ಎದೆ ಒಡೆಯುವುದೂ ಇದರಿಂದಲೇ. ನಾನು ಶಾಲೆಗೆ ಬಾರದಿದ್ದರೆ ಅವಳು ಯಾರ ಜೊತೆ ಹೋಗಬೇಕು ಎಂದು ಪಕ್ಕದ ಮನೆಯ ಕಾತ್ಯಾಯಿನಿ ಆಂಟಿಯ ಹೆಸರು ಬರೆದುಕೊಟ್ಟಿದ್ದೇನೆ. ಅವರ ನಂಬರನ್ನು ದಿನಾ ಬಾಯಿಪಾಠ ಮಾಡಿಸುತ್ತೇನೆ. ಮೊನ್ನೆ ಯಾಮಿನಿ ಕೇಳಿದಳು, "ಐ ನೋ ಯುವರ್ ನಂಬರ್, ಅಮ್ಮಾ. ಆಂಟಿ ನಂಬರ್ ಯಾಕೆ?" ನಾಲ್ಕು ವರ್ಷದ ಮಗುವಿಗೆ ಇದಕ್ಕೆ ಏನು ಉತ್ತರ ಕೊಡಬೇಕೆಂದು ನಿಮ್ಮ ನಿಯಮಪುಸ್ತಕದಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಕಳೆದ ಭಾನುವಾರ ಮಾಜಿ ಸೈನಿಕರ ಸ್ಮಶಾನಕ್ಕೆ ಹೋಗಿದ್ದೆವು. ಕೂರಿಸಿ ಮಣ್ಣು ಕೊಡುವುದು ನಮ್ಮ ಪದ್ಧತಿ. ಅಲ್ಲಿ ಅದಕ್ಕೆ ಅವಕಾಶವಿರಲಿಲ್ಲವೆಂದು ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಲಗಿಸಿದ್ದೆವು. ಕಲ್ಲಿನ ಹಿಂಬದಿ ಖಾಲಿಯಿರುವುದನ್ನು ಕಂಡು, ಅಲ್ಲಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಟೋಪಿ ತೆಗೆದು ಹೇಳಿದರು: "ಅದು ನಿಮ್ಮ ಹೆಸರಿಗೆ, ಮ್ಯಾಮ್. ಹೆಂಡತಿಗೆ ಇದೇ ಗುಂಡಿಯಲ್ಲಿ ಜಾಗ ಬಿಟ್ಟಿರುತ್ತೇವೆ." ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ನಿಮ್ಮದೇ ಸರ್ಕಾರ ಗುರುಶಾಂತಪ್ಪನವರ ಹೆಂಡತಿಗೆಂದು ಮಣ್ಣಿನೊಳಗೆ ಜಾಗ ಕಾದಿರಿಸಿದೆ, ಮಣ್ಣಿನ ಮೇಲೆ ಮಾತ್ರ ಕೊಡಲಾರದು. ಹೆದರಿ ಹೆದರಿ ಎಲ್ಲಿಗೆ ಬಂದಿದ್ದೇನೆ ಎಂದರೆ, ಈ ದೇಶದಲ್ಲಿ ನನ್ನನ್ನು ಯಾರೂ ಎಬ್ಬಿಸಲಾರದ ಜಾಗ ಅದೊಂದೇ ಎಂದು ಆ ದಿನ ಅಲ್ಲಿ ನಿಂತು ಸಮಾಧಾನಪಟ್ಟೆ. ಮಗಳ ಕೈ ಹಿಡಿದುಕೊಂಡೇ ಹಾಗೆ ಯೋಚಿಸಿದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಹದಿನೆಂಟನೇ ತಾರೀಖಿನೊಳಗೆ ನನ್ನ ಕಡತವನ್ನು ಮತ್ತೊಮ್ಮೆ ತೆರೆದು ಓದಿ. ಓದಿದ ಮೇಲೂ ನಿಮ್ಮ ಮಾತೇ ಸರಿಯೆನಿಸಿದರೆ, ಯಾವ ದಿನದಿಂದ ನಾನು ಅವರ ಹೆಂಡತಿಯಾಗಿರಲಿಲ್ಲ ಎಂಬ ತಾರೀಖನ್ನು ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ಅದನ್ನು ಸ್ಮಶಾನದ ಆ ಹಿರಿಯರಿಗೆ ನಾನೇ ಒಯ್ದು ಕೊಡುತ್ತೇನೆ, ಕಲ್ಲಿನ ಹಿಂಬದಿಯನ್ನು ಬೇರೆ ಯಾರಿಗಾದರೂ ಕೊಡಲಿ.

ಇಂತಿ,
ನಿಮ್ಮ ಕಚೇರಿಗೆ ಪರಸ್ತ್ರೀ, ಸ್ಮಶಾನಕ್ಕೆ ಮನೆಯವಳು,
ನೀಲಗಂಗಾ ಗುರುಶಾಂತಪ್ಪ
ಫೋರ್ಟ್ ಮಿಲ್, ಅಕ್ಟೋಬರ್ ೨೦೨೫