ಐದನೆಯ ವರ್ಷದ ಲಾಡಿ

ಶ್ರೀ ಮೌನೇಶ್ವರ ಪ್ರಸನ್ನ

ದೇವದುರ್ಗ
25-6-2025, ಬುಧವಾರ

ನನ್ನ ಮಗ ಸಂಜೀವನಿಗೆ,

ಮೌನಪ್ಪಯ್ಯ ನಿನ್ನನ್ನು ಕಾಯಲಿ. ಹೇಗಿದ್ದೀಯಪ್ಪಾ? ಬಲಗಡೆಯ ಭುಜ ಇನ್ನೂ ನೋಯುತ್ತದೆಯೋ, ಕಡಿಮೆಯಾಯಿತೋ? ಎಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದಿದ್ದೆ, ನೀನು ತಿಕ್ಕಿಕೊಂಡಿರಲಿಕ್ಕಿಲ್ಲ. ಪುಣೆಯಲ್ಲಿ ಮಳೆ ಜೋರಾಗಿದೆ ಎಂದು ಟಿವಿಯಲ್ಲಿ ತೋರಿಸಿದರು. ಒದ್ದೆ ಬಟ್ಟೆಯಲ್ಲಿ ಮೈದಾನದಲ್ಲಿ ನಿಲ್ಲಬೇಡ, ನೀನು ಕಬಡ್ಡಿ ಕಲಿಸುವ ಆ ಶಾಲೆಯ ಮಕ್ಕಳನ್ನೂ ನಿಲ್ಲಿಸಬೇಡ. 2021ರಲ್ಲಿ ನಿನ್ನ ಎದೆ ಪಟ್ಟ ಪಾಡು ನೀನು ಮರೆತಿರಬಹುದು, ನಾನು ಮರೆತಿಲ್ಲ. ಇಲ್ಲಿ ನಾವು ಆರಾಮ ಇದ್ದೇವೆ. ನಿಮ್ಮಪ್ಪ ಎಂದಿನಂತೆ ಸೋಮವಾರ ಮಾನ್ವಿಗೆ ಹೋಗಿದ್ದಾರೆ, ಶನಿವಾರ ಬರುತ್ತಾರೆ. ಜಿನ್ನಿಂಗ್ ಮಿಲ್ಲಿನಲ್ಲಿ ಈಗ ಹತ್ತಿ ಇಲ್ಲ, ಬರೀ ಕಾವಲು ಕೆಲಸ. ಶಾಲೆ ಶುರುವಾಗಿ ನನಗೆ ಬಿಸಿಯೂಟದ ಅಡುಗೆ ಹತ್ತಿದೆ. ಹೋದ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಮಕ್ಕಳು ಪಾಪ ಏನೂ ಅನ್ನದೆ ಉಂಡರು. ಹೆಡ್‌ಮಾಸ್ಟರು ಮಾತ್ರ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು.

ಫೋನಿರುವಾಗ ಅವ್ವ ಕಾಗದ ಯಾಕೆ ಬರೆದಳು ಅಂದುಕೊಳ್ಳುತ್ತೀ. ಪ್ರತಿ ಶನಿವಾರ ಫೋನಿನಲ್ಲಿ ನೀನು "ಆರಾಮದೀನಿ ಯವ್ವಾ, ಅಪ್ಪಗ ಕೊಡು" ಅನ್ನುತ್ತೀ. ನಾನು ಕೊಟ್ಟುಬಿಡುತ್ತೇನೆ. ಅಲ್ಲಿಂದಾಚೆಗೆ ನನಗೆ ಬಾಯಿ ಬರುವುದಿಲ್ಲ. ಏಳನೆಯ ತರಗತಿಯವರೆಗೆ ಓದಿದ ಕೈ ಇದು, ಅಕ್ಷರ ಡೊಂಕಾದರೂ ಬಾಯಿಗಿಂತ ವಾಸಿ. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಅದನ್ನು ಬರೆಯದೆ ಮುಂದಕ್ಕೆ ಹೋಗಲು ನನಗೆ ಆಗುತ್ತಿಲ್ಲ.

ಆ ವರ್ಷ ರಾಯಚೂರಿನ ದವಾಖಾನೆಯಲ್ಲಿ ನಿನಗೆ ಆಕ್ಸಿಜನ್ ಹಚ್ಚಿದ್ದರು. ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಾನೂ ಪಕ್ಕದ ಮನೆಯ ಅನ್ವರಿ ಬೇಗಂಳೂ ಕೂತಿದ್ದೆವು. ಅವಳ ಸೆರಗಿನ ಗಂಟಿನಲ್ಲಿ ಮೊಹರಮ್ಮಿನ ಅಲಾಯಿ ದೇವರ ಬೂದಿ, ಊದಿ, ಇತ್ತು. ಅದನ್ನು ನನ್ನ ಹಣೆಗೆ ಹಚ್ಚಿದಳು. ಆಗ ನಾನು ಬೇಡಿಕೊಂಡೆ: ಮಗ ನಡೆದು ಮನೆಗೆ ಬರಲಿ, ಐದು ವರ್ಷ ಮೊಹರಮ್ಮಿನಲ್ಲಿ ಅವನನ್ನು ಫಕೀರನನ್ನಾಗಿ ಮಾಡುತ್ತೇನೆ. ಬೇಡಿಕೊಂಡವಳು ನಾನು, ಹೊತ್ತವನು ನೀನು. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಹತ್ತು ದಿನ ಕೊರಳಲ್ಲಿ ಕೆಂಪು ದಾರದ ಲಾಡಿ, ಬರಿಗಾಲು, ಚಾಪೆಯ ಮೇಲೆ ಮಲಗುವುದು, ಐದು ಮನೆ ಬೇಡಿ ಉಣ್ಣುವುದು, ಊರ ಸೀಮೆ ದಾಟದಿರುವುದು. ಮೊದಲ ವರ್ಷ ನೀನು ಕಡ್ಡಿಯಂತೆ ಇದ್ದೆ. ಎರಡನೆಯ ವರ್ಷಕ್ಕೆ ಕಬಡ್ಡಿ ಲೀಗಿನ ತಂಡ ಸೇರಿದ್ದೆ, ಟಿವಿಯಲ್ಲಿ ಕಾಣುತ್ತಿದ್ದೆ. ಆದರೂ ಬಂದು ಜೋಳಿಗೆ ಹಿಡಿದು ಬಾಗಿಲಲ್ಲಿ ನಿಂತೆ. ಓಣಿಯ ಹೆಂಗಸರು "ಸಾವ್ಕಾರ ಬಂದಾನ ಬರ್ರಿ ಬೇ, ಇನ್ನೊಂದು ರೊಟ್ಟಿ ಜಾಸ್ತಿ ಹಾಕ್ರಿ" ಎಂದು ನಗಾಡುತ್ತಿದ್ದರು. ನೀನೂ ನಗುತ್ತಿದ್ದೆ. "ಚಟ್ನಿ ಇಲ್ಲದ ರೊಟ್ಟಿ ಒಲ್ಲೆ" ಅನ್ನುತ್ತಿದ್ದೆ.

ಹೋದ ವರ್ಷ ನಾಲ್ಕನೆಯದು. ಮೊಹರಮ್ಮಿನ ಎರಡನೆಯ ದಿನ ನಿನ್ನ ತಂಡದ ಮ್ಯಾನೇಜರ್ ಫೋನು ಮಾಡಿದ. ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಎರಡು ವರ್ಷದ ಕರಾರು, ವರ್ಷಕ್ಕೆ ನಲವತ್ತು ಲಕ್ಷ. ಎರಡು ದಿನದೊಳಗೆ ಬಂದು ಡಾಕ್ಟರಿಗೆ ಮೈ ತೋರಿಸಿ ರುಜು ಹಾಕಬೇಕು, ಇಲ್ಲವಾದರೆ ನಿನ್ನನ್ನು ಆಟಗಾರರ ಹರಾಜಿಗೆ ಬಿಡುತ್ತೇವೆ ಅಂದನಂತೆ. ಹತ್ತು ದಿನ ಮುಗಿಸಿ ಬರುತ್ತೇನೆ ಅಂದೆ ನೀನು. ಅವನು ಒಪ್ಪಲಿಲ್ಲ. ಮರುದಿನ ರಾಯಚೂರಿನ ನಿನ್ನ ಕೋಚ್ ಬೇರೆ, "ಬ್ಯಾಡ ಅಂದು ಬಿಡಲೇ, ಹರಾಜಿನಾಗ ಇದರ ಎರಡರಷ್ಟು ಬರ್ತದ" ಎಂದು ಧೈರ್ಯ ಹೇಳಿದ. ಆದರೂ ನಿನಗೆ ಸಮಾಧಾನವಿರಲಿಲ್ಲ. ಮಧ್ಯಾಹ್ನ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದೆ: "ಯವ್ವಾ, ಒಂದಿನ ಹೋಗಿ ಬಂದ್ರ ನಡೀತದೇನ?" ನಾನು ಮೊರದಿಂದ ಕಣ್ಣು ಎತ್ತಲಿಲ್ಲ. "ದೇವ್ರಿಗಿ ಮಾತು ಕೊಟ್ಟೀವಿ ಮಗಾ" ಅಂದೆ. ನೀನು ಎದ್ದು ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತು ಮ್ಯಾನೇಜರಿಗೆ ಬೇಡ ಎಂದು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಪೇಪರಿನಲ್ಲಿ ನೀನು ಕೋಟಿ ಕೇಳಿದೆ ಎಂದು ಬರೆದರು. ಎಂಬತ್ತು ಲಕ್ಷ ಒದ್ದ ಹುಡುಗ ಅಂದರು. ಹರಕೆಯ ಮಾತು ನೀನು ಯಾರಿಗೂ ಹೇಳಲಿಲ್ಲ, ನನ್ನ ಹೆಸರು ಎಲ್ಲೂ ತರಲಿಲ್ಲ. ರೇಷನ್ ಅಂಗಡಿಯಲ್ಲಿ ನನ್ನ ಹಿಂದೆ ನಿಂತವಳೊಬ್ಬಳು, "ಕೋಟಿಗಿ ಕಮ್ಮಿ ಆದ್ರ ಒಲ್ಲೆ ಅಂದೋನ ಅವ್ವ ಅಕ್ಕಿ ಸಾಲಿನ್ಯಾಗ ನಿಂತಾಳ ನೋಡ್ರಿ" ಅಂದಳು. ಎಲ್ಲರೂ ನಕ್ಕರು. ನಾನು ಅಕ್ಕಿ ತೆಗೆದುಕೊಂಡು ಬಂದೆ. ಹಾಗಲ್ಲ, ನನ್ನ ಮಗ ಆಸೆಬುರುಕನಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಆಗಸ್ಟಿನ ಹರಾಜಿನ ದಿನ ನೆನಪಿದೆಯಲ್ಲ. ಅನ್ವರಿಯ ಮಗ ಜಮೀರ್ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದ. ಮನೆಯ ತುಂಬ ಜನ. ಟಿವಿಯಲ್ಲಿ ನಿನ್ನ ನಗುವ ಫೋಟೋ ಬಂತು. ಸುತ್ತಿಗೆ ಹಿಡಿದವನು ನಿನ್ನ ಹೆಸರು ಹೇಳಿ ಆ ಕಡೆ ನೋಡಿದ, ಈ ಕಡೆ ನೋಡಿದ. ಯಾರೂ ಕೈ ಎತ್ತಲಿಲ್ಲ. ಬೇರೆ ಹುಡುಗನ ಫೋಟೋ ಬಂತು. ಜಮೀರ್ ಒಬ್ಬನೇ "ಇನ್ನೊಂದು ಸುತ್ತು ಅದ, ತಡೀರಿ, ಇನ್ನೊಂದು ಸುತ್ತು ಅದ" ಅನ್ನುತ್ತಲೇ ಇದ್ದ. ಎರಡನೆಯ ಸುತ್ತಿನಲ್ಲಿ ನಿನ್ನ ಹೆಸರೇ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ನೀನು ಟಿವಿ ಆರಿಸಿ, ಪೇಪರಿನಲ್ಲಿ ಉಳಿದಿದ್ದ ತಣ್ಣನೆಯ ಭಜಿಗಳನ್ನು ಒಂದೊಂದಾಗಿ ಎಲ್ಲ ತಿಂದೆ. ಕಾಗದ ಮಡಚಿ ಒಲೆಯ ಹತ್ತಿರ ಇಟ್ಟೆ. "ಕೈ ತೊಳೀತೀನಿ ಯವ್ವಾ, ನೀರು ಹಾಕು" ಅಂದೆ. ನಾನು ಹಾಕಿದೆ.

ಅವತ್ತು ನನಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಕೈ ಅನ್ನ ಬೇಯಿಸುತ್ತದೆ, ಬಾಯಿ ದೇವರ ಹೆಸರು ಹೇಳುತ್ತದೆ, ನಾನು ಮಾತ್ರ ಪಕ್ಕದಲ್ಲೆಲ್ಲೋ ನಿಂತು ನೋಡುತ್ತಿರುತ್ತೇನೆ. ತಿಂಥಣಿಗೆ ಹೋಗಿ ಮೌನಪ್ಪಯ್ಯನ ಮುಂದೆ ಕೂತರೂ ಹಾಗೆಯೇ. ತೆಂಗಿನಕಾಯಿ ಒಡೆಸಿದೆ, ಕೃಷ್ಣೆಯಲ್ಲಿ ಕಾಲು ತೊಳೆದೆ, ಬಸ್ಸು ಹತ್ತಿ ಬಂದೆ. ಏನನ್ನೂ ಬೇಡಿಕೊಳ್ಳಲಿಲ್ಲ.

ಮೊನ್ನೆ ಶನಿವಾರ ನೀನು ಅಪ್ಪನ ಜೊತೆ ಮಾತಾಡಿದ್ದು ನನಗೆ ಕೇಳಿಸಿತು. ಬೇರೆ ಒಂದು ತಂಡದಲ್ಲಿ ಯಾವನೋ ಹುಡುಗನ ಮೊಣಕಾಲು ಮುರಿದಿದೆಯಂತೆ. ಅವನ ಜಾಗಕ್ಕೆ ನಿನ್ನನ್ನು ಕರೆದಿದ್ದಾರಂತೆ. ಒಂದೇ ವರ್ಷ, ಒಂಬತ್ತು ಲಕ್ಷ. ಸೋಮವಾರ ಮೂವತ್ತನೆಯ ತಾರೀಖು ಅಲ್ಲೇ ಪುಣೆಯಲ್ಲಿ ಮೈ ತೋರಿಸಿ ರುಜು ಹಾಕಬೇಕಂತೆ. ಅದಕ್ಕೆ ನೀನು "ಹರಕಿ ಕಡೀ ವರ್ಷ ಅದ ಅಪ್ಪಾ. ಗುರುವಾರ ಸಂಜಿ ಬಸ್ ಹತ್ತತೀನಿ. ಮುಗಿಸಿ ಬಂದು ನೋಡೋಣು" ಅಂದೆ. ನಿಮ್ಮಪ್ಪ ಫೋನು ಇಟ್ಟರು. ಆಮೇಲೆ ನನ್ನ ಕಡೆ ತಿರುಗದೆ ಗೋಡೆಗೆ ಹೇಳಿದಂತೆ ಹೇಳಿದರು: "ಮತ್ತ ಅದ ಆಗಾಕತ್ತದ ನೋಡು. ಇಪ್ಪತ್ತಾರು ತುಂಬೇವ ಅವಗ. ಇನ್ನೊಮ್ಮಿ ಕೇಳೋರು ಯಾರು ಬರ್ತಾರ?" ಒಲೆಯ ಮೇಲೆ ಬೇಳೆ ಉಕ್ಕಿ ಹರಿಯಿತು, ಅದನ್ನು ಒರೆಸಲಿಲ್ಲ.

ನಾಳೆ ಚಂದ್ರ ಕಾಣುತ್ತದೆ ಅನ್ನುತ್ತಾರೆ. ಮಸೀದಿಯ ಮುಂದೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಕಸ ತೆಗೆದು ನೀರು ಹೊಡೆದಿದ್ದಾರೆ. ಅನ್ವರಿಯ ಗಂಡ, ಅಲಾಯಿ ದೇವರನ್ನು ನೋಡಿಕೊಳ್ಳುವ ಮುಜಾವರ ಅಬ್ದುಲ್ ವಹೀದ್ ಸಾಹೇಬರು, ಈ ವರ್ಷ ಫಕೀರರಾಗುವವರ ಹೆಸರು ಬರೆಯಲು ಹಳೆಯ ನೋಟ್‌ಬುಕ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾರೆ. ನಿನ್ನ ಚಾಪೆಯನ್ನು ಹೋದ ವಾರವೇ ಕೊಡವಿ ಬಿಸಿಲಿಗೆ ಹಾಕಿದ್ದೆ.

ಜಮೀರ್ ಮಾನ್ವಿಯ ಮಿಲ್ಲಿನಿಂದ ಲಾರಿಗೆ ಅಕ್ಕಿ ತುಂಬಿಕೊಂಡು ಬಂದಿದ್ದಾನೆ, ಇವತ್ತೇ ಪುಣೆಗೆ ಹೊರಡುತ್ತಾನೆ. ನಾಳೆ ಬೆಳಿಗ್ಗೆ ನೀನು ಮೈದಾನಕ್ಕೆ ಹೋಗುವ ಮೊದಲೇ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ ಎಂದು ಆಣೆ ಮಾಡಿದ್ದಾನೆ. ಅವನ ಕೈಯಲ್ಲಿ ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಸೀಸೆ ಎಣ್ಣೆ ಕಳಿಸಿದ್ದೇನೆ. ಎಣ್ಣೆ ಭುಜಕ್ಕೆ, ಅಡುಗೆಗಲ್ಲ. ಜಮೀರನಿಗೆ ಚಹಾ ಕುಡಿಸಿ ಕಳಿಸು. ದೇವರು ನಿನ್ನ ಕೈಕಾಲುಗಳನ್ನು ಗಟ್ಟಿಯಾಗಿಡಲಿ. ಮೈದಾನದಲ್ಲಿ ನೀನು ಮುಟ್ಟಿ ಬರುವ ಗೆರೆ ಯಾವಾಗಲೂ ನಿನಗೆ ಎಟುಕಲಿ.

ಇಂತಿ ನಿನ್ನ ಅವ್ವ,
ದುರುಗಮ್ಮ

ತಾ.ಕ.: ಜಮೀರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ವರ್ಷ ನೀನು ನನ್ನ ಎದುರು ಕೂತು ಕೇಳಿದೆಯಲ್ಲ, ಅದಕ್ಕೆ ಒಂದು ತಾಸು ಮೊದಲು ಅನ್ವರಿ ಬಂದಿದ್ದಳು. "ಅಕ್ಕಾ, ಹರಕಿ ಹೊತ್ತಾಕಿ ನೀನು. ಹುಡುಗನ ಕೊರಳಾಗಿನ ಲಾಡಿ ತಗದು ನೀನ ಹಾಕ್ಕೊ. ನಮ್ಮೋರನ್ನ ಕೇಳೀನಿ, ನಡೀತದ ಅಂದಾರ. ಅವನ್ನ ಕಳಸು" ಅಂದಳು. ನಾನು ಹೂಂ ಅಂದೆ. ನೀನು ಬಂದು ಕೇಳಿದಾಗ ಹೇಳಲಿಲ್ಲ. ದೇವರ ಭಯದಿಂದಲ್ಲ ಸಂಜೀವಾ. ಏಳು ತಿಂಗಳ ಮೇಲೆ ನೀನು ಮನೆಗೆ ಬಂದಿದ್ದೆ. ಮಧ್ಯಾಹ್ನ ನೀನು ಚಾಪೆಯ ಮೇಲೆ ಮಲಗಿದರೆ ಕಾಲು ಹೊಸ್ತಿಲವರೆಗೆ ಬರುತ್ತಿದ್ದವು, ನಾನು ದಾಟಿಕೊಂಡು ಓಡಾಡುತ್ತಿದ್ದೆ. ಇನ್ನೂ ಏಳು ದಿನ ಹಾಗೇ ಇರಲಿ ಅನ್ನಿಸಿತು. ದೇವರ ಹೆಸರು ಹೇಳಿ ನಿನ್ನನ್ನು ಇಟ್ಟುಕೊಂಡವಳು ನಾನು. ಇದು ಅನ್ವರಿಗೆ ಗೊತ್ತು, ನನಗೆ ಗೊತ್ತು, ಈಗ ನಿನಗೆ. ನಿಮ್ಮಪ್ಪನಿಗೆ ಶನಿವಾರ ನಾನೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಮುಜಾವರರ ನೋಟ್‌ಬುಕ್ಕಿನಲ್ಲಿ ನಿನ್ನ ಹೆಸರು ಹೊಡೆದು ಹಾಕಿಸಿ ನನ್ನ ಹೆಸರು ಬರೆಸಿದೆ. ಐದನೆಯ ವರ್ಷದ ಲಾಡಿ ನನ್ನ ಕೊರಳಿಗೆ. ಚಪ್ಪಲಿ ಈಗಲೇ ಅಟ್ಟದ ಮೇಲೆ ಇಟ್ಟಿದ್ದೇನೆ. ಒಂದು ಹರಕೆಗೆ ಇಬ್ಬರು ಫಕೀರರಿಲ್ಲ, ನೀನು ಬಂದರೂ ಲಾಡಿ ಸಿಗುವುದಿಲ್ಲ. ಬಸ್ಸು ಹತ್ತಬೇಡ. ಸೋಮವಾರ ಹೋಗಿ ರುಜು ಹಾಕು. ಆಮೇಲೆ ಫೋನು ಮಾಡು, ಏನು ಅನ್ನಬೇಕೋ ಅನ್ನು. ಅವತ್ತು ಮಾತ್ರ ಅಪ್ಪಗ ಕೊಡು ಅನ್ನಬೇಡ.