ಮಣ್ಣು ಮಾಡಿ ಬಂದ ಮೇಲಿನ ಊಟ

ಹಸಾಜಿಯಣ್ಣನವರಿಗೆ, ಶಲೋಮ್.

ನಿಮ್ಮ ಲಾಂಚು ಮುಳುಗಿ ಸತ್ತವರನ್ನೆಲ್ಲ ಈಗಷ್ಟೇ ಮಣ್ಣು ಮಾಡಿ ಬಂದೆವು, ನನ್ನ ಮಗಳು ರಹೇಲಳನ್ನೂ. ಇಂದಿನ ಮೊದಲ ಊಟ ನಮ್ಮ ಒಲೆಯದಾಗಬಾರದು, ನೆರೆಯವರೇ ಕೊಡಬೇಕು. ನಮ್ಮ ಪದ್ಧತಿ ನಿಮಗೂ ಗೊತ್ತು. ಈ ಯಹೂದಿ ಓಣಿಯಲ್ಲಿ ಸಾವಿಲ್ಲದ ಮನೆ ನಿಮ್ಮದೊಂದೇ. ಎಲ್ಲರಿಗೂ ಸಾಲುವಷ್ಟು ಮೊಟ್ಟೆ, ಬೇಳೆ ಬೇಯಿಸಿ ಸಿನಗಾಗ್‌ಗೆ ಕಳಿಸಿ.

ರಹೇಲಳನ್ನು ಲಾಂಚು ಹತ್ತಿಸುವಾಗ, "ನಿಮ್ಮ ಮಕ್ಕಳು ಬರಲ್ವಾ ಅಣ್ಣಾ?" ಎಂದು ಕೇಳಿದ್ದೆ. "ಇಬ್ಬರಿಗೂ ನೆಗಡಿ ಕಣಮ್ಮಾ," ಎಂದಿರಿ, ತಳದಲ್ಲಿ ನಿಂತಿದ್ದ ನೀರನ್ನು ಡಬ್ಬದಲ್ಲಿ ಮೊಗೆದು ಚೆಲ್ಲುತ್ತಲೇ.

ನೀವು ಬರಬೇಡಿ. ಪಾತ್ರೆಗಳನ್ನು ಆ ಮಕ್ಕಳ ಕೈಯಲ್ಲೇ ಕಳಿಸಿ. ಅವರ ನೆಗಡಿ ಹೇಗಿದೆಯೆಂದು ಇಲ್ಲಿ ಎಲ್ಲರೂ ನೋಡಬೇಕಂತೆ.

ನಿಮ್ಮ ನೆರೆಮನೆಯ
ಸಿಲ್ಲೂಬಾಯಿ