ಅಪ್ಪನ ಹನ್ನೆರಡು ವಾಕ್ಯಗಳು

ವೆಸ್ಟ್‌ಕಪೆಲ್ಲೆ
ಭಾನುವಾರ, 19 ಜುಲೈ 1987

ಪ್ರೀತಿಯ ಮಿನಕ್ಕ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದಿತ್ತು, ಇರಲಿಲ್ಲ. ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಹೆದರಿದ್ದೆ. ಕ್ಷಮಿಸು.

“ಅಪ್ಪ ನನ್ನ ಹೆಸರು ಹೇಳಿದರಾ? ಹೇಳಿದ್ದರೆ ಮಾತ್ರ ಬರುತ್ತೇನೆ” ಎಂದಿದ್ದೀಯ. ಇಲ್ಲ ಅಕ್ಕ, ಹೇಳಿಲ್ಲ. ನನ್ನ ಹೆಸರನ್ನೂ ಹೇಳಿಲ್ಲ. ಮಾರ್ಚ್‌ನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಎರಡು ತಿಂಗಳು ಅವರ ಬಾಯಿಂದ ಬರೀ ಸದ್ದು ಬರುತ್ತಿತ್ತು, ಮಾತಲ್ಲ. ಬಲಗೈ ಈಗಲೂ ಸತ್ತಂತಿದೆ. ಕೋಲು ಹಿಡಿದು ಕೋಣೆಯಿಂದ ಕೋಣೆಗೆ ನಡೆಯುತ್ತಾರೆ, ಅಷ್ಟೇ.

ಮಾತು ಕಲಿಸುವ ಹೆಂಗಸು ಮಿಡಲ್‌ಬರ್ಗ್‌ನಿಂದ ವಾರಕ್ಕೊಮ್ಮೆ ಬರುತ್ತಾರೆ. ಮೇ ತಿಂಗಳಲ್ಲಿ ಅವರು ಕೇಳಿದರು: “ಕ್ರೈನ್, ನಿಮ್ಮಪ್ಪನ ಬಾಯಲ್ಲಿ ಸಾವಿರ ಸಲ ಬಂದಿರೋ ಮಾತು ಏನಾದ್ರೂ ಇದ್ಯಾ? ಪ್ರಾರ್ಥನೆ, ಹಾಡು, ಏನಾದ್ರೂ ಆಗುತ್ತೆ.”

“ಚರ್ಚಿನಲ್ಲಿ ಅವ್ರು ತುಟಿ ಅಲ್ಲಾಡಿಸ್ತಿದ್ರು ಅಷ್ಟೇ” ಎಂದೆ. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದ್ದ ನೀಲಿ ರಟ್ಟು ನೆನಪಾಯಿತು.

ನಿನಗೂ ನೆನಪಿರಬೇಕು. ಎಡಕ್ಕೆ ಜರ್ಮನ್, ಬಲಕ್ಕೆ ನಮ್ಮ ಡಚ್. ಬೇಸಿಗೆಯಲ್ಲಿ ಕಡಲಿಗೆಂದು ಬಂದು ನಮ್ಮ ಕೋಣೆಗಳನ್ನು ಬಾಡಿಗೆಗೆ ಹಿಡಿಯುತ್ತಿದ್ದ ಜರ್ಮನ್ ಅತಿಥಿಗಳಿಗೆ ಬೇಕಾಗುವ ಹನ್ನೆರಡು ವಾಕ್ಯಗಳು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಳಬರು ಹೊರಡುತ್ತಿದ್ದರು, ಅಪ್ಪ ಒಂದೊಂದೇ ಕೋಣೆ ನೋಡಿ ಬರುತ್ತಿದ್ದರು, ಮೂರಕ್ಕೆ ಹೊಸಬರು. ಬಂದವರನ್ನು ಸಾಲಾಗಿ ನಿಲ್ಲಿಸಿ ಅಪ್ಪ ಒಂದೊಂದೇ ವಾಕ್ಯ ಹೇಳಿಕೊಡುತ್ತಿದ್ದರು. ನಾವಿಬ್ಬರೂ, ಕೋಣೆಗಳೆಲ್ಲ ಬಾಡಿಗೆಗೆ ಹೋದಾಗ ಮನೆಯವರು ಮಲಗುತ್ತಿದ್ದ ಹಿತ್ತಲ ಶೆಡ್ಡಿನ ಕಿಟಕಿಯಲ್ಲಿ ಕೂತು ಅಣಕಿಸುತ್ತಿದ್ದೆವು.

ರಟ್ಟು ತಂದು ಮೊದಲ ವಾಕ್ಯದ ಅರ್ಧ ಓದಿದೆ: “ನಮಸ್ಕಾರ, ನಾಲ್ಕು…” ಅಪ್ಪ ತಲೆಯೆತ್ತಿ, “ಬನ್ ಕೊಡಿ” ಎಂದರು. ಸ್ಪಷ್ಟವಾಗಿ. ನಾನು ಹೊರಗೆ ಹೋಗಿ ಕೋಳಿಗೂಡಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ.

ಈಗ ಹನ್ನೆರಡೂ ಬರುತ್ತವೆ. ಮುಖ ತೊಳೆಸುವಾಗ “ಇವತ್ತು ಸಮುದ್ರಕ್ಕೆ ಇಳಿಯಬಹುದೇ?” ಎನ್ನುತ್ತಾರೆ. ಮಜ್ಜಿಗೆ ಗಂಜಿ ತಿನ್ನಿಸಿ ಬಾಯಿ ಒರೆಸಿದರೆ, “ತುಂಬಾ ಚೆನ್ನಾಗಿತ್ತು, ಮುಂದಿನ ವರ್ಷ ಬರುತ್ತೇವೆ.” ಪಕ್ಕದ ಮನೆಯ ದಿಂಗೆನಾ ಅತ್ತೆ ನಗುತ್ತಾಳೆ. “ಶಾಲೇಲಿ ಒಂದು ಪುಸ್ತಕ ಮುಟ್ಟಲಿಲ್ಲ, ಈಗ ಅಪ್ಪಂಗೇ ಮೇಷ್ಟ್ರಾಗಿಬಿಟ್ಯಲ್ಲೋ!” ನಾನೂ ನಗುತ್ತೇನೆ. ಆದರೆ ಅಕ್ಕ, ನಲವತ್ತು ವರ್ಷ ತನ್ನ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮನುಷ್ಯ ಈಗ ಅದೇ ಮನೆಯಲ್ಲಿ ಅತಿಥಿಯಂತೆ ಮಾತಾಡುತ್ತಿದ್ದಾರೆ. ಈ ಬೇಸಿಗೆಗೆ ಬರುವವರಿಗೆಲ್ಲ ಬೇಡವೆಂದು ಬರೆದೆ. ಮೊದಲ ಸಲ ನಮ್ಮ ಮನೆಯಲ್ಲಿ ನಾವೇ ಇದ್ದೇವೆ.

ನಿನಗೆ ಕಾಗದ ಬರೆಯಬೇಕು ಎಂದಾಗ ದಿಂಗೆನಾ ಅತ್ತೆ, “ಹೆಸರು ಹೇಳಿದ್ರು ಅಂತ ಬರೆದುಬಿಡೋ. ನಿನ್ನ ಗಂಟೇನು ಹೋಗುತ್ತೆ? ಹುಡುಗಿ ಬರ್ತಾಳೆ” ಎಂದಳು.

“ಸುಳ್ಳು ಹೇಳಿ ಕರೆಸ್ಕೊಂಡ್ರೆ, ಬಂದ ದಿನವೇ ಅವಳಿಗೆ ಗೊತ್ತಾಗುತ್ತೆ ಅತ್ತೆ.”

“ಮೊಂಡ! ನಿಮ್ಮಪ್ಪನ ಹಾಗೇ” ಎಂದು ಬೈದು, ತಂದಿದ್ದ ಸಿಹಿಬ್ರೆಡ್ಡು ಮೇಜಿನ ಮೇಲಿಟ್ಟು ಹೋದಳು.

ಆ ಜುಲೈನ ಜಗಳವನ್ನು ನಾನು ಮರೆತಿಲ್ಲ. ನಿನಗೆ ಜ್ವರ ಸುಡುತ್ತಿತ್ತು. ಅವತ್ತೂ ಶನಿವಾರ. ಅಡುಗೆಮನೆ ಪಕ್ಕದ ನಿನ್ನ ಕೋಣೆ ಬಾಡಿಗೆಗೆ ಹೋಗಿದೆ ಎಂದು ಅಪ್ಪ ನಿನ್ನನ್ನು ಹಾಸಿಗೆ ಸಮೇತ ಶೆಡ್ಡಿಗೆ ಸಾಗಿಸಿದರು. “ಈ ಮನೇಲಿ ನನಗೊಂದು ಜಾಗ ಇಲ್ವಾ?” ಎಂದು ನೀನು ಕೇಳಿದೆ. ಅವರು ಹೊಸಬರಿಗೆ ಬಾಗಿಲು ತೆರೆಯಲು ಹೋದರು. ಜ್ವರ ಬಿಟ್ಟ ದಿನವೇ ನೀನು ಗ್ರೋನಿಂಗೆನ್‌ಗೆ ಹೊರಟೆ. ಮೂರು ವರ್ಷವಾಯಿತು. ತಪ್ಪು ಅವರದೇ. ಅವರು ಕಾಯಿಲೆ ಬಿದ್ದರೆಂದು ಅದು ಸರಿಯಾಗುವುದಿಲ್ಲ.

ನನ್ನ ಸುದ್ದಿ ಏನೂ ಇಲ್ಲ. ಶಾಲೆ ಬಿಟ್ಟೆ, ಚಿಪ್ಪುಮೀನಿನ ದೋಣಿ ಬಿಟ್ಟೆ, ಕಡಲತೀರದಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ಕೆಲಸವನ್ನೂ ಬಿಟ್ಟೆ. ಅಪ್ಪನನ್ನು ನೋಡಿಕೊಳ್ಳುವ ಈ ಕೆಲಸ ಬಿಡಲು ಮಾತ್ರ ಆಗುತ್ತಿಲ್ಲ. ಕಾಲು ಒಂದೆಡೆ ನಿಲ್ಲದಾಗ ಸೈಕಲ್ ಹತ್ತಿ ಕಡಲ ಒಡ್ಡಿನ ತುದಿಯವರೆಗೆ ಹೋಗಿ ಬರುತ್ತೇನೆ.

ಎಲ್ಲಿದ್ದರೂ ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಅಕ್ಕ.

ನಿನ್ನ ತಮ್ಮ
ಕ್ರೈನ್

ತಾ.ಕ.: ಇದು ಮರೆತ ಮಾತಲ್ಲ. ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ.

ರಟ್ಟಿನ ಏಳನೆಯ ವಾಕ್ಯ ಹೋಟೆಲಿನ ಕುರ್ಚಿಗೆಂದು ಬರೆದದ್ದು: “ಈ ಜಾಗ ಖಾಲಿ ಇದೆಯೇ?” ಜುಲೈ ಶುರುವಾದಾಗಿನಿಂದ ಪ್ರತಿ ಶನಿವಾರ ಹತ್ತಕ್ಕೆ ಅಪ್ಪ ಎಂದಿನಂತೆ ಒಂದೊಂದೇ ಕೋಣೆ ನೋಡಿ, ನಿನ್ನ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಅದನ್ನೇ ಕೇಳುತ್ತಾರೆ. ಬೇರೆ ಯಾವ ಬಾಗಿಲಲ್ಲೂ ಕೇಳುವುದಿಲ್ಲ. ಮೊದಲ ಸಲ, “ಹೂಂ ಅಪ್ಪ, ಖಾಲಿ ಇದೆ” ಎಂದೆ. ಇದ್ದದ್ದೇ ಅದು. ಅವರು ಕೋಲಿನಿಂದ ಬಾಗಿಲಿಗೆ ಬಡಿದರು, ದಿನವಿಡೀ ಬಾಯಿಗೆ ಏನೂ ಹಾಕಿಕೊಳ್ಳಲಿಲ್ಲ. ಎರಡನೆಯ ವಾರವೂ ಹಾಗೇ ಆಯಿತು.

ನಿನ್ನೆ ಕೇಳಿದಾಗ, “ಇಲ್ಲಪ್ಪ, ಇದು ಮಿನಾ ಜಾಗ” ಎಂದೆ.

ಅಪ್ಪ ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯಿಂದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಒಳಗೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವಷ್ಟು ಮೆಲ್ಲಗೆ.

ಇದು ನಿನ್ನನ್ನು ಕರೆದಂತೆ ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನಾನು ಅವರಿಗೆ ಹೇಳಿದ್ದು ಸುಳ್ಳು. ನಿನ್ನ ಮಂಚದ ಮೇಲೆ ಒಂದು ಹೊದಿಕೆಯೂ ಇಲ್ಲ. ಶನಿವಾರ ಹತ್ತಕ್ಕೆ ಅವರು ಮತ್ತೆ ಕೇಳುತ್ತಾರೆ.